ಹರವಿಯ ಮೇಲಿನ ಡಬ್ಬಿ

॥ ಶ್ರೀ ಬಸವೇಶ್ವರ ಪ್ರಸನ್ನ ॥

ಇಳಕಲ್,
ತಾ. 11-5-1982, ಮಂಗಳವಾರ

ಹಟ್ಟಿಯ ಚಿನ್ನದ ಗಣಿಯಲ್ಲಿರುವ ನಮ್ಮ ಮನೆಯವರಿಗೆ ಬನಶಂಕರಿ ಮಾಡುವ ಶರಣು.

ಇಲ್ಲಿ ನಾನೂ ಅತ್ತೆಯವರೂ ಆರಾಮ ಇದ್ದೇವೆ. ನಿಮ್ಮ ಕಾರ್ಡು ಬಂದು ಒಂದೂವರೆ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡಿ. ಆದರೂ ಕಾರ್ಡಿನಲ್ಲಿ ನೀವು ಬರೆದದ್ದು ಮೂರೇ ಸಾಲು. 'ನಾನು ಕ್ಷೇಮ. ಅವ್ವನ ಔಷಧ ತಪ್ಪಿಸಬೇಡ. ಬಿಸಿಲು ಬಹಳ.' ಇದಕ್ಕೆ ಏನಂತ ಉತ್ತರ ಬರೆಯಲಿ? ಇಲ್ಲಿಯೂ ಬಿಸಿಲು ಬಹಳ ಎಂದು ಬರೆದರೆ ಮುಗಿದುಹೋಯಿತು. ಗಣಿಯ ಸ್ಟೋರಿನಲ್ಲಿ ಸಾಮಾನು ಎಣಿಸಿ ಕೊಡುತ್ತ ಕೊಡುತ್ತ ಮಾತನ್ನೂ ಎಣಿಸಿ ಕೊಡುವುದು ಕಲಿತಿದ್ದೀರಿ.

ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮೊದಲಿನ ಹಾಗೇ ಇದೆ. ನಮ್ಮ ಅಪ್ಪನ ರೇಡಿಯೋ ರಿಪೇರಿ ಅಂಗಡಿ ನಡೆದಿದೆ. ಲಗ್ನದ ದಿನಗಳಲ್ಲವೆ, ದಿನಕ್ಕೊಂದು ಸುಟ್ಟ ಆಂಪ್ಲಿಫೈಯರ್ ಬರುತ್ತದೆ. ಹುನಗುಂದದಿಂದ ಒಬ್ಬ ಗಿರಾಕಿ ಬಂದು, ನಾನು ಸೋಲ್ಡರ್ ಹಿಡಿದು ಕೂತದ್ದನ್ನು ಕಂಡರೂ, "ರಿಪೇರಿ ಮಾಡೋರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳಿದ. "ಊಟಕ್ಕ ಹೋಗ್ಯಾರ್ರಿ, ಬರ್ತಾರ, ಕೂಡ್ರಿ," ಎಂದೆ. ಅವನು ಕೂತ. ನಾನು ಅವನ ಕಣ್ಣೆದುರಿಗೇ ರೇಡಿಯೋ ರಿಪೇರಿ ಮಾಡಿ ಕೈಗೆ ಕೊಟ್ಟೆ. ಹೋಗುವಾಗಲೂ ಅವನು, "ಅವ್ರು ಬಂದಿಂದ ಒಮ್ಮೆ ತೋರಿಸಿಬಿಡ್ರಿ," ಎಂದೇ ಹೇಳಿ ಹೋದ. ನೀವಿದ್ದಿದ್ದರೆ ಇದನ್ನು ಎಂಟು ದಿನ ಹೇಳಿಕೊಂಡು ನಗುತ್ತಿದ್ದಿರಿ. ಅತ್ತೆಯವರಿಗೆ ಹೇಳಿದೆ, ಅವರು, "ಖರೇನ ಐತಲ್ಲ," ಎಂದರು.

ಈಗ ಕಾಗದ ಬರೆಯಲು ಕಾರಣವಾದ ಸಂಗತಿ ಹೇಳುತ್ತೇನೆ. ಹೋದ ಶನಿವಾರ ನಿಮ್ಮ ಆರ್ಕೆಸ್ಟ್ರಾ ಪಾರ್ಟಿಯ ಡ್ರಮ್ಮಿನ ದಸ್ತಗೀರಸಾಬರು ಬಂದಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ, ನಗು ಹಾಗೇ ಇದೆ. ಪಾರ್ಟಿಯ ಆಂಪ್ಲಿಫೈಯರನ್ನು ರಿಪೇರಿಗೆಂದು ನನ್ನ ಮುಂದಿಟ್ಟರು. ಆಮೇಲೆ ಹೇಳಿದರು: "ತಂಗಿ, ನಿನ್ನ ಗಂಡನ್ನ ಲಿಂಗಸುಗೂರ ಬಸ್‌ಸ್ಟ್ಯಾಂಡಿನ್ಯಾಗ ನೋಡಿದೆ. ಚಾ ಕುಡದ್ವಿ. ಪಾರ್ಟಿ ಮತ್ತ ಕಟ್ಟೇವಿ, ಜೂನ್ ಆರಕ್ಕ ಕೆರೂರಾಗ ಒಂದ ಮದವಿ ಪ್ರೋಗ್ರಾಮ್ ಐತಿ, ಬಾರಪಾ ಅಂದೆ. ಏನಂದ ಗೊತ್ತೈತೇನು? 'ಬಾದಾಮ್ಯಾಗ ನನ್ನ ಬೆರಳ ನನಗ ಮೋಸ ಮಾಡಿದ್ವು. ಅವನ್ನ ಇನ್ನ ನಂಬಂಗಿಲ್ಲ' ಅಂದ. ಮಾತಾಡೂತನಕ ಎಡಗೈ ಕಿಸೇದಾಗ ಇಟ್ಟಿದ್ದ."

ನಾನು ಆಂಪ್ಲಿಫೈಯರಿನ ಸ್ಕ್ರೂ ಬಿಚ್ಚುತ್ತ ಕೂತೆ. ಬಿಚ್ಚಿದ ಸ್ಕ್ರೂಗಳನ್ನೇ ಮತ್ತೆ ಹಾಕಿ, ಮತ್ತೆ ಬಿಚ್ಚಿದೆನಂತೆ, ದಸ್ತಗೀರಸಾಬರೇ ಹೇಳಿ ಕೈ ಹಿಡಿದು ನಿಲ್ಲಿಸಿದರು.

ಆ ದಿನದಿಂದ ನನ್ನ ತಲೆಯಲ್ಲಿ ಹಳೆಯದೇ ತಿರುಗುತ್ತಿದೆ. ನಮ್ಮ ಮದುವೆಯಾದ ವರ್ಷ, ಎಪ್ಪತ್ನಾಲ್ಕರಲ್ಲಿ, ಆಗ ನಾವಿದ್ದ ವಿದ್ಯಾಗಿರಿಯ ಬಾಡಿಗೆ ಮನೆಗೆ ನೀವು ಒಂದು ಇಂಗ್ಲಿಷ್ ಹಾಡಿನ ಗ್ರಾಮೋಫೋನ್ ಪ್ಲೇಟು ತಂದಿದ್ದಿರಿ. ಗಿಟಾರು ಬಂದಲ್ಲಿ ಮುಳ್ಳನ್ನು ಎತ್ತಿ ಎತ್ತಿ ಇಟ್ಟು, "ಹಿಂಗ ಗೊಗ್ಗರ ಆಗಬೇಕ ನೋಡು ನನ್ನ ಗಿಟಾರಿನ ದನಿ. ನೆಗಡಿ ಬಂದ ಹುಲಿ ಅಂದಂಗ," ಎಂದಿರಿ. ನಾನಂದೆ, "ರೇಡಿಯೋ ಕೆಟ್ಟಾಗ ಹಿಂಗ ಆಗ್ತೈತ್ರಿ. ಮಂದಿ ರೊಕ್ಕ ಕೊಟ್ಟ ಇದನ್ನ ರಿಪೇರಿ ಮಾಡಿಸ್ಕೊಂಡ ಹೋಗ್ತಾರ. ನೀವು ನೋಡಿದ್ರ ಕೆಡಸು ಅಂತೀರಲ್ಲ." ಆದರೂ ಕೆಡಿಸುವುದಕ್ಕೆ ಕೂತೆ. ಅಪ್ಪ ತರಿಸುತ್ತಿದ್ದ ಇಂಗ್ಲಿಷ್ ಮಾಸಿಕದಲ್ಲಿ ಗಿಟಾರಿನ ದನಿ ಕೆಡಿಸುವ ಅಂಥದೊಂದು ಡಬ್ಬಿಯ ನಕ್ಷೆ ಸಿಕ್ಕಿತು. ಸತ್ತ ಕಿಸೆ ರೇಡಿಯೋದಿಂದ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್ ಕಿತ್ತೆ. ಕರೆಂಟಿನ ಸ್ವಿಚ್ಚು ಕೂಡಿಸುವ ಕಬ್ಬಿಣದ ಡಬ್ಬಿ ಮೈಯಾಯಿತು. ಕಾಲಿನಿಂದ ಒತ್ತುವ ಸ್ವಿಚ್ಚು ಎಲ್ಲಿಯೂ ಸಿಗಲಿಲ್ಲ. ಕಡೆಗೆ ಗ್ಯಾರೇಜಿನ ಅಮಸಿದ್ದಪ್ಪ ಲಾರಿಯ ಡಿಪ್ಪರ್ ಸ್ವಿಚ್ಚು ಕೊಟ್ಟ, ಡ್ರೈವರುಗಳು ದೀಪ ಏರಿಸಿ ಇಳಿಸಲು ಪಾದದಿಂದ ಒತ್ತುತ್ತಾರಲ್ಲ, ಅದು. ನಾನು ಇಳಕಲ್ಲಿನವಳು. ಸೆರಗನ್ನು ಸೀರೆಯ ಒಡಲಿಗೆ ಕೊಂಡಿ ಹಾಕಿ ಕೂಡಿಸುವುದನ್ನು ನೋಡುತ್ತ ಬೆಳೆದವಳು. ತಂತಿಗೆ ತಂತಿ ಹಾಗೇ ಕೊಂಡಿ ಹಾಕಿ, ಮೇಲೆ ಸೋಲ್ಡರ್ ಬಿಟ್ಟೆ. ಅದರ ಒಂದು ಕೊಂಡಿಯೂ ಇವತ್ತಿನವರೆಗೆ ಬಿಟ್ಟಿಲ್ಲ.

ಮೊದಲ ಸಲ ಒತ್ತಿದಾಗ ನಿಮ್ಮ ಮುಖ ಹೇಗಾಗಿತ್ತೆಂದು ಈಗಲೂ ಹೇಳಬಲ್ಲೆ. ಒಂದು ತಂತಿ ಮೀಟಿ, ದನಿ ಎಳೆದು ಎಳೆದು ನಿಲ್ಲುವವರೆಗೂ ಉಸಿರು ಹಿಡಿದು ನಿಂತಿದ್ದಿರಿ. ಆಮೇಲೆ ಅಡುಗೆ ಮನೆಗೆ ಬಂದು, ಹಿಟ್ಟು ಹತ್ತಿದ ನನ್ನ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡಿರಿ. ಆ ದಿನ ರೊಟ್ಟಿ ಹೊತ್ತಿದವು.

ಅದಕ್ಕೆ ಗೊಗ್ಗರು ಡಬ್ಬಿ ಎಂದು ಹೆಸರಿಟ್ಟವರು ಅತ್ತೆಯವರು. ಬೇಸಿಗೆ ಬಂದ ಮೇಲೆ ನಾನು ಅದನ್ನು ಹಸಿ ಅರಿವೆಯಲ್ಲಿ ಸುತ್ತಿ ಕುಡಿಯುವ ನೀರಿನ ಮಣ್ಣಿನ ಹರವಿಯ ಮುಚ್ಚಳದ ಮೇಲೆ ಇಡತೊಡಗಿದೆ. ಪ್ರೋಗ್ರಾಮಿಗೆ ಹೋದಲ್ಲಿಯೂ ನಿಮ್ಮ ಬಾರಿ ಬರುವವರೆಗೆ ಅರಿವೆ ಬಿಚ್ಚಗೊಡುತ್ತಿರಲಿಲ್ಲ. ಅತ್ತೆಯವರು ಇದೇನೋ ಪೂಜೆ ಎಂದುಕೊಂಡು ದಿನಾ ಅದಕ್ಕೂ ವಿಭೂತಿ ಹಚ್ಚಿದರು. ಹದಿನೈದು ದಿನಕ್ಕೆ ವಿಭೂತಿ ಒಳಗಿಳಿದು, ದನಿ ಏರಿಸುವ ಗುಂಡಿ ತಿರುಗಿಸಿದರೆ ಸಾಕು, ಕರಕರ ಅನ್ನತೊಡಗಿತು. ನಾನು ಬಿಚ್ಚಿ ಬೂದಿ ಊದುತ್ತ ಕೂತಾಗ ನೀವು, "ಡಬ್ಬಿಗೂ ದೀಕ್ಷಾ ಆತು ಬಿಡು," ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿರಿ. ಹಸಿ ಅರಿವೆಯೂ ನಿಮಗೆ ಹೆಂಗಸರ ನೇಮದ ಹಾಗೆಯೇ ಕಂಡಿತು. "ಡಬ್ಬಿಗೆ ನೀರಡಿಕಿ ಆಗೇತೇನು?" ಎಂದು ಕೇಳುತ್ತಿದ್ದಿರಿ. "ಹೌದ್ರಿ, ಆಗೇತಿ," ಎನ್ನುತ್ತಿದ್ದೆ. ನೀವು ನಗುವುದನ್ನು ನೋಡಲು ಅಷ್ಟಕ್ಕೇ ಬಿಡುತ್ತಿದ್ದೆ.

ಬಾದಾಮಿಯ ಆ ಮದುವೆಯ ಬಗ್ಗೆ ನಾವು ಐದು ವರ್ಷ ಮಾತಾಡಿಲ್ಲ. ಈಗ ನಾನೇ ಬರೆಯುತ್ತೇನೆ, ಓದಿ. ಎಪ್ಪತ್ತೇಳರ ಮೇ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ. ಹಂದರದ ತಗಡಿನ ಮೇಲೆ ಮಂಗಗಳು ಜಿಗಿದಾಡುತ್ತಿದ್ದವು. ಪುಣೆಯ ದೊಡ್ಡ ಪಾರ್ಟಿಯ ಮಾಲಕರು ನಿಮ್ಮನ್ನು ಕೇಳಲೆಂದೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ದಿನ ಮುಂಜಾನೆ ಗಿಟಾರು ಒರೆಸುತ್ತ ನೀವು ನನಗೆ ಹೇಳಿದ್ದಿರಿ: "ಅವರು ಒಯ್ದರ ಹೋಗೇಬಿಡ್ತೇನಿ. ನಾಕೈದು ವರ್ಷ ಊರೂರು ತಿರಗೂದು. ನೀ ಅವ್ವನ ಕಡೆ ಇರು." ನನ್ನನ್ನು ಕೇಳಲಿಲ್ಲ, ಹೇಳಿದಿರಿ. ನಾನು ಹೂಂ ಎಂದೆ.

ಪಡುವಣ ಬಿಸಿಲು ಸೀದಾ ಸ್ಟೇಜಿನ ಹಲಗೆಯ ಮೇಲೆ, ನಿಮ್ಮ ಕಾಲ ಬುಡಕ್ಕೇ ಬೀಳುತ್ತಿತ್ತು. ನಿಮ್ಮ ಬಾರಿ ಬಂತು. ಮೊದಲ ಎರಡು ಸಾಲು ಸರಿ ನುಡಿಯಿತು. ಆಮೇಲೆ ದನಿ ಎಳೆಯುವಲ್ಲಿ ಎಳೆಯದೆ ತುಂಡು ತುಂಡಾಗಿ ಬಿತ್ತು, ಬೆರಳು ತಂತಿಯನ್ನು ಪೂರ್ತಿ ಒತ್ತದಿದ್ದರೆ ಆಗುತ್ತದಲ್ಲ, ಥೇಟ್ ಹಾಗೆ. ನೀವು ಮತ್ತೆ ಒತ್ತಿದಿರಿ, ಇನ್ನೂ ಜೋರಾಗಿ ಒತ್ತಿದಿರಿ. ಮುಖದಿಂದ ಬೆವರು ಇಳಿಯಿತು. ಪುಣೆಯವರು ಎದ್ದು ನೀರು ಕುಡಿಯಲು ಹೋದವರು ಮರಳಿ ಬರಲಿಲ್ಲ. ಸಂಜೆ ನಾವು ಇಳಿದುಕೊಂಡ ಮನೆಯಲ್ಲಿ ನೀವು ಕೇಳಿದಿರಿ: "ಡಬ್ಬಿ ಕೆಟ್ಟಿತ್ತೇನು?" ನಾನು ಹಚ್ಚಿ ತೋರಿಸಿದೆ. ಚಂದ ನುಡಿಯಿತು. "ಡಬ್ಬಿ ಸರಿ ಐತ್ರಿ," ಎಂದೆ. ನೀವು ಎಡಗೈಯ ಬೆರಳುಗಳನ್ನು ಬಿಡಿಸಿ, ಒಂದೊಂದನ್ನೇ ನೋಡಿಕೊಂಡಿರಿ. ಆಮೇಲೆ ಗಿಟಾರಿಗೆ ಗವಸು ಹಾಕಿದಿರಿ. ಮೂರು ತಿಂಗಳಲ್ಲಿ ನನ್ನನ್ನೂ ಅತ್ತೆಯವರನ್ನೂ ಇಳಕಲ್ಲಿಗೆ ಬಿಟ್ಟು ಗಣಿಯ ನೌಕರಿಗೆ ಹೋದಿರಿ.

ಹಟ್ಟಿ ಬಸ್ಸಿನಲ್ಲಿ ಮೂರು ತಾಸಿನ ಹಾದಿ. ನೀವು ವರ್ಷಕ್ಕೆ ಎರಡು ಸಲ ಬರುತ್ತೀರಿ, ಬಂದರೆ ಗಿಟಾರು ತೂಗುಹಾಕಿದ ಗೋಡೆಗೆ ಬೆನ್ನು ಮಾಡಿ ಉಣ್ಣುತ್ತೀರಿ. ನನ್ನನ್ನು ಅಲ್ಲಿಗೆ ಬಾ ಎಂದು ಒಂದು ದಿನವೂ ಬರೆದಿಲ್ಲ. ಅಂಗಡಿ ಯಾರು ನೋಡಬೇಕು ಎಂದು ನಾನು ಬಂದ ಮಂದಿಯ ಮುಂದೆ ಹೇಳುತ್ತೇನೆ. ಖರೆ ಹೇಳಬೇಕೆಂದರೆ, ನೀವು ಬಾ ಎಂದು ಬರೆದಿದ್ದರೆ ಅಂಗಡಿಗೆ ಕೀಲಿ ಹಾಕಿ ಆ ದಿನದ ಬಸ್ಸಿಗೇ ಬರುತ್ತಿದ್ದೆ. ಬಹಳ ನೆನಪಾಗುತ್ತೀರಿ. ಸಂಜೆ ಅಂಗಡಿಯಲ್ಲಿ ಯಾವುದೋ ರೇಡಿಯೋ ಕೆಟ್ಟು ಗೊಗ್ಗರು ದನಿಯಲ್ಲಿ ಹಾಡಿದರೆ ಅದನ್ನು ಕೂಡಲೇ ರಿಪೇರಿ ಮಾಡಲು ಮನಸ್ಸಾಗುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಕೇಳುತ್ತೇನೆ.

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳಲೆ? ಹೋದ ವರ್ಷದಿಂದ ನಾನು ಹೊಸ ಡಬ್ಬಿ ಕಟ್ಟುತ್ತಿದ್ದೇನೆ. ಇದರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದ್ದೇನೆ, ಬಿಸಿಲಿಗೂ ಬೆಂಕಿಗೂ ಜಗ್ಗುವುದಿಲ್ಲ. ಆದರೆ ದನಿ ಮೊದಲು ಬಹಳ ಒರಟಾಗಿತ್ತು, ತಗಡು ಗೀಚಿದ ಹಾಗೆ. ಕೆಪಾಸಿಟರ್ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ, ಹದಿನೇಳು ಸಲ ಬಿಚ್ಚಿ ಕಟ್ಟಿದೆ. ನನಗೆ ಬಾರಿಸಲು ಬರುವುದಿಲ್ಲ, ಗೊತ್ತಲ್ಲ. ಗೋಡೆಯಿಂದ ನಿಮ್ಮ ಗಿಟಾರು ಇಳಿಸಿ, ಒತ್ತದೆ, ಖಾಲಿ ತಂತಿಗಳನ್ನೇ ಮೀಟಿ ನೋಡುತ್ತೇನೆ. ಪ್ರತಿ ಯುಗಾದಿಗೆ ತಂತಿ ಬದಲಿಸಿದ್ದೇನೆ, ತುಕ್ಕು ಹಿಡಿಯಗೊಟ್ಟಿಲ್ಲ. ಈಗ ಆ ಹಳೆಯ ದನಿಗೆ ಹತ್ತಿರ ಬಂದಿದೆ. ಹತ್ತಿರ ಅಷ್ಟೇ, ಅದೇ ಅಲ್ಲ. ಉಳಿದದ್ದನ್ನು ನಿಮ್ಮ ಕಿವಿಯೇ ಹೇಳಬೇಕು.

ದಸ್ತಗೀರಸಾಬರು ಗುರುವಾರ ಹಟ್ಟಿಗೆ, ತಮ್ಮ ಮಗಳು ಜುಲೇಖಾಳ ಮನೆಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಗಿಟಾರು, ಹೊಸ ಡಬ್ಬಿ, ಹಳೆಯ ಡಬ್ಬಿ, ಈ ಕಾಗದ ಎಲ್ಲ ಕೊಟ್ಟು ಕಳಿಸುತ್ತಿದ್ದೇನೆ. ಹಳೆಯದು ಯಾಕೆ ಎಂದು ಕೇಳುತ್ತೀರಿ. ಧೈರ್ಯ ಬಂದರೆ ಕೆಳಗೆ ಬರೆಯುತ್ತೇನೆ. ಎರಡಕ್ಕೂ ಹೊಸ ಬ್ಯಾಟರಿ ಹಾಕಿದೆ. ಮೊನ್ನೆ ಮುಂಜಾನೆಯ ತಂಪಿನಲ್ಲಿ ಹಳೆಯದನ್ನು ಹಚ್ಚಿ ನೋಡಿದೆ, ಚಂದ ನುಡಿಯಿತು. ನೀವು ಇಲ್ಲಿಂದ ಒಯ್ದ ರೇಡಿಯೋದ ಹಿಂದೆ ಪ್ಲೇಟು ಬಾರಿಸಲು ವೈರು ಸಿಕ್ಕಿಸುವ ತೂತುಗಳಿವೆ. ಗಿಟಾರಿನ ವೈರು ಡಬ್ಬಿಗೆ, ಡಬ್ಬಿಯ ವೈರು ಆ ತೂತಿಗೆ. ಜೂನ್ ಆರಕ್ಕೆ ಕೆರೂರಿಗೆ ಬನ್ನಿ. ನನಗಾಗಿ ಬರಬೇಡಿ, ಬಾರಿಸಲು ಬನ್ನಿ. ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಎಲ್ಲೋ ಕೂತಿರುತ್ತೇನೆ.

ಅತ್ತೆಯವರು ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ. "ಹೊಟ್ಟಿ ತುಂಬ ಉಣ್ಣಂತ ಬರಿ. ಡಬ್ಬಿಗೆ ವಿಭೂತಿ ಹಚ್ಚೇನಿ ಅಂತನೂ ಬರಿ," ಎಂದರು. ಹೌದು, ಹಚ್ಚಿದ್ದಾರೆ. ನಾನು ಒರೆಸಿಲ್ಲ. ಬಸವಣ್ಣ ನಿಮ್ಮ ಕೈಯನ್ನು ಕಾಯಲಿ.

ಎಂದೆಂದೂ ನಿಮ್ಮವಳು,
ಬನಶಂಕರಿ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಬಾದಾಮಿಯಲ್ಲಿ ನಿಮ್ಮ ಬೆರಳು ಮೋಸ ಮಾಡಲಿಲ್ಲ. ನಾನು ಮಾಡಿದೆ. ಹಸಿ ಅರಿವೆ ನೇಮವಲ್ಲ. ಜರ್ಮೇನಿಯಂ ಬಿಸಿಲು ತಾಳುವುದಿಲ್ಲ, ಕಾದರೆ ದನಿ ಕಡಿದು ಬೀಳುತ್ತದೆ, ತಣಿದರೆ ಮತ್ತೆ ಸರಿ ನುಡಿಯುತ್ತದೆ. ಇದು ಮೊದಲ ಬೇಸಿಗೆಯಲ್ಲೇ ನನಗೆ ಗೊತ್ತಾಗಿತ್ತು. ಆ ದಿನ ನಿಮ್ಮ ಬಾರಿ ಬರುವ ಮುಕ್ಕಾಲು ತಾಸು ಮೊದಲೇ ನಾನು ಬಂದು ಅರಿವೆ ಬಿಚ್ಚಿಕೊಂಡು ಹೋದೆ. ನೀವು ನಕ್ಕು, "ಇವತ್ತ ನೀರಡಿಕಿ ಇಲ್ಲೇನು?" ಎಂದಿರಿ. ಹೆಂಗಸರ ಸಾಲಿನಲ್ಲಿ ಕೂತಾಗ ಆ ಅರಿವೆ ನನ್ನ ತೊಡೆಯ ಮೇಲೆ ಇತ್ತು. ಸೀರೆ ನೆನೆದು ತಣ್ಣಗೆ ಹತ್ತುತ್ತಿತ್ತು. ಬಿಸಿಲಲ್ಲಿ ಡಬ್ಬಿ ಕಾಯುವುದನ್ನು ನಾನು ನೋಡುತ್ತಿದ್ದೆ. ಪುಣೆಯವರು ನಿಮ್ಮನ್ನು ಒಯ್ಯಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಂಜೆ ಸರಿ ಐತ್ರಿ ಎಂದಾಗ ಅದು ಸರಿ ನುಡಿಯುತ್ತದೆಂದೂ ಗೊತ್ತಿತ್ತು. ನೀವು ಬೆರಳು ನೋಡಿಕೊಂಡಾಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಪುಣೆಗೆ ಹೋಗಿದ್ದರೆ ನಾಲ್ಕೈದು ವರ್ಷಕ್ಕೆ ಮರಳಿ ಬರುತ್ತಿದ್ದಿರಿ. ಮೂರು ತಾಸಿನ ಹಾದಿಯಿಂದ ನೀವು ಇನ್ನೂ ಮರಳಿ ಬಂದಿಲ್ಲ.

ನನ್ನ ಮಾತು ನಂಬಬೇಡಿ, ಒಮ್ಮೆ ನಂಬಿ ಕೆಟ್ಟಿದ್ದೀರಿ. ಹಳೆಯ ಡಬ್ಬಿಯನ್ನು ಮಧ್ಯಾಹ್ನ ಒಂದು ತಾಸು ಬಿಸಿಲಲ್ಲಿಟ್ಟು ಬಾರಿಸಿ ನೋಡಿ. ಆಮೇಲೆ ಹಸಿ ಅರಿವೆ ಸುತ್ತಿ, ಒಂದು ತಾಸು ಹರವಿಯ ಮೇಲಿಟ್ಟು ಮತ್ತೆ ಬಾರಿಸಿ. ಅದೇ ತಂತಿ, ಅದೇ ಬೆರಳು. ಅರಿವೆ ಡಬ್ಬಿಯ ಜೊತೆಗೇ ಇದೆ. ಬಾದಾಮಿಯದೇ ಅದು. ಅಲ್ಲಿಂದೀಚೆ ನಾನು ಅದನ್ನು ತೋಯಿಸಿಲ್ಲ.