ಕುದುರೆ ಇಳಿಸಿದ್ದರೆ

ಶೋವಾ 57 (1982), ಮಾರ್ಚ್ 8, ಸಂಜೆ

ಉಗುರು ಕತ್ತರಿಸಿಕೊಂಡೆ. ಸೂಟಿಗೆ ಇಸ್ತ್ರಿಯಾಯಿತು. ಮಿಸೊ ಸೂಪಿಗೆ ಇವತ್ತೂ ಉಪ್ಪು ಜಾಸ್ತಿ—ನನ್ನ ಬಿ.ಪಿ. ಹೆಂಡತಿ ಫುಸಾಎಗೆ ನೆನಪೇ ಇರುವುದಿಲ್ಲ.

ನಾಳೆ ನಮ್ಮ ಜಪಾನಿ ಚದುರಂಗದ, ಶೋಗಿಯ, ಕೊನೆಯ ಸುತ್ತು. ಸೋತರೆ ಈ ದರ್ಜೆಯಿಂದ ಔಟ್. ಇದರ ಕೆಳಗೆ ಬೇರೆ ದರ್ಜೆಯಿಲ್ಲ. ನನ್ನ ವಯಸ್ಸಿಗೆ ನಿವೃತ್ತಿಯೇ. ಒಂದು ಹೂಗುಚ್ಛ, ಒಂದು ಫೋಟೊ, ಮನೆಗೆ ನಡಿ.

ಎದುರಾಳಿ ತೊಕಿತಾ. ಗುರು-ಶಿಷ್ಯರನ್ನು ಈ ಪಂದ್ಯಗಳಲ್ಲಿ ಎದುರುಬದುರು ಕೂರಿಸುವುದಿಲ್ಲ. ಆದರೆ ಕಾಗದದ ಮೇಲೆ ಅವನು ನನ್ನ ಗೆಳೆಯ ಕಾಜಿತಾನಿಯ ಶಿಷ್ಯ. ಕಾಜಿತಾನಿ ಸತ್ತ ಮೇಲೆ ಮನೆಯಲ್ಲಿಟ್ಟುಕೊಂಡು ಶೋಗಿ ಕಲಿಸಿದವನು ನಾನು. ಕಾಗದಕ್ಕೇನು ಗೊತ್ತು?

ನಾಳೆ ಗೆದ್ದರೆ ಅವನಿಗೆ ಬಡ್ತಿ. ನನ್ನನ್ನು ಪಾಪ ಅಂತ ನೋಡಿದರೆ ಮಾತ್ರ ನಾನು ಸುಮ್ಮನಿರುವವನಲ್ಲ.

ಮಾರ್ಚ್ 10, ಬೆಳಿಗ್ಗೆ

ಗೆದ್ದೆ. ಥೂ.

ನನ್ನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನನ್ನಿಂದ ಕಿತ್ತುಕೊಂಡ ಕುದುರೆ ತೊಕಿತಾನ ಕೈಯಲ್ಲಿತ್ತು. ಶೋಗಿಯ ನಿಯಮದಂತೆ ಅದನ್ನು ತನ್ನ ಕಾಯಿಯಾಗಿ ಮತ್ತೆ ಬೋರ್ಡಿಗೆ ಇಳಿಸಿದ್ದರೆ ರಾಜ ಸತ್ತಂತೆಯೇ. ಚಿಕ್ಕವನಿದ್ದಾಗ ಸ್ನಾನದ ತೊಟ್ಟಿಯಲ್ಲಿ ಕೂತು ಬಾಯಲ್ಲೇ ಬಿಡಿಸುತ್ತಿದ್ದ ಇಂಥವನ್ನು. ನಿನ್ನೆ ಗಂಟೆಗಟ್ಟಲೆ ಯೋಚಿಸಿದ. ಸಿಗರೇಟಿನ ಮೇಲೆ ಸಿಗರೇಟು. ಕೊನೆಗೆ ತನ್ನ ರಾಜನಿಗೆ ಕಾವಲಾಗಿ ಚಿನ್ನದ ಕಾಯಿಯನ್ನು ಹಿಂದಕ್ಕೆಳೆದ. ಅಲ್ಲಿಂದ ಆಟ ನನ್ನದಾಯಿತು.

ಆಮೇಲೆ ಪದ್ಧತಿಯಂತೆ ಇಬ್ಬರೂ ಕಾಯಿ ಹಿಂದಕ್ಕಿಟ್ಟು ಆಟವನ್ನು ಮತ್ತೆ ನೋಡಿದೆವು. ಪತ್ರಕರ್ತರು ಸುತ್ತ ಕೂತಿದ್ದರು. ನಾನೇ ಕುದುರೆ ಎತ್ತಿ ಟಪ್ಪೆಂದು ಇಟ್ಟೆ.

"ಇದು ಕಾಣಲಿಲ್ವೇನೋ?"

ಬೋರ್ಡನ್ನೇ ನೋಡುತ್ತಿದ್ದ.

"ಕಾಣಲಿಲ್ಲ ಗುರುಗಳೇ. ಕ್ಷಮಿಸಿ."

"ಸುಳ್ಳು ಬೊಗಳಬೇಡ! ಮುದುಕ ಅಂತ ಭಿಕ್ಷೆ ಹಾಕಿದ್ದೀಯ. ನಾನು ಕೇಳಿದ್ನಾ?"

ಪೆನ್ನುಗಳೆಲ್ಲ ಒಟ್ಟಿಗೆ ಓಡಿದವು. ಓಡಲಿ! ಬಡ್ತಿ ಎಸೆದು ನನಗೆ ದಾನ ಮಾಡುತ್ತಾನಂತೆ. ಇಪ್ಪತ್ತು ವರ್ಷ ಕಲಿಸಿದ್ದು ಇದಕ್ಕಾ?

ಮಾರ್ಚ್ 12

ಪೇಪರಿನಲ್ಲಿ ಬಂದಿದೆ. 'ಭಿಕ್ಷೆ' ಎಂದೇ ಹಾಕಿದ್ದಾರೆ. ಶೋಗಿ ಸಂಘದಿಂದ ಫೋನ್. ಹದಿನೆಂಟಕ್ಕೆ ಇಬ್ಬರೂ ಬರಬೇಕು. ಬೇಕೆಂದೇ ಸೋತದ್ದು ನಿಜವಾದರೆ ತೊಕಿತಾ ವೃತ್ತಿಯಿಂದಲೇ ಹೊರಗೆ.

ಫುಸಾಎ ಅನ್ನದ ಬಟ್ಟಲನ್ನು ಕುಕ್ಕಿದಳು. "ಅವನ ಹೊಟ್ಟೆ ಮೇಲೆ ಹೊಡೆದು ನಿಮಗೇನು ಸಿಗುತ್ತೆ?"

"ಅವನು ನನ್ನ ಮುಖದ ಮೇಲೆ ಹೊಡೆದಿದ್ದಾನೆ!"

"ಅಂಥ ಮುಖ ನೋಡಿಕೊಂಡೇ ನಾನಿಷ್ಟು ವರ್ಷ ಬಾಳಿದ್ದೀನಿ," ಎಂದಳು. ಊಟ ಮಾಡದೆ ಎದ್ದೆ.

ಮಾರ್ಚ್ 17, ಮಧ್ಯಾಹ್ನ

ತೊಕಿತಾ ಕೈಬಿಟ್ಟ ಗೆಲುವನ್ನು ನಾಳೆ ಸಂಘದವರಿಗೆ ತೋರಿಸಲೆಂದು ಬೋರ್ಡಿನ ಮುಂದೆ ಕೂತೆ. ಕುದುರೆ ಇಳಿಸಿದೆ. ರಾಜ ಪಕ್ಕಕ್ಕೆ. ಬೆಳ್ಳಿಯ ಕಾಯಿ ಇಟ್ಟೆ. ರಾಜ ಮತ್ತೆ ಪಕ್ಕಕ್ಕೆ. ಇಲ್ಲಿಗೆ ಸಾಯಬೇಕು.

ಸಾಯುವುದಿಲ್ಲ.

ರಾಜ ಮುಂದಕ್ಕೆ ಹೋಗುತ್ತಾನೆ. ವೈರಿಯ ಬಾಯಿಗೇ. ಯಾರೂ ಹೋಗದ ಕಡೆ. ಅಲ್ಲಿ ಅವನನ್ನು ಹಿಡಿಯಲು ಕಾಯಿಯೇ ಇಲ್ಲ. ಮೂರು ಸಲ ಇಟ್ಟು ನೋಡಿದೆ. ಬೋರ್ಡಿಗೆ ಗುದ್ದಿದೆ. ಮತ್ತೆ ಇಟ್ಟೆ. ಇಲ್ಲ. ಕುದುರೆ ಇಳಿಸಿದ್ದರೆ ತೊಕಿತಾ ಆಗಲೇ ಸೋಲುತ್ತಿದ್ದ. ಚಿನ್ನ ಹಿಂದಕ್ಕೆಳೆದದ್ದೇ ಸರಿಯಾದ ನಡೆ. ಅವನು ಗೆಲ್ಲಲು ಒದ್ದಾಡುತ್ತಿದ್ದ. ನಾನು ಗೆದ್ದದ್ದು ನಿಜವಾಗಿಯೇ ಗೆದ್ದದ್ದು.

ಅವನಿಗೆ ಎಲ್ಲ ಕಂಡಿತ್ತು. ನನಗೆ ಕಂಡಿರಲಿಲ್ಲ. ಆಡುವಾಗಲೂ ಇಲ್ಲ, ಆಮೇಲೂ ಇಲ್ಲ. ಅವನು ಅಲ್ಲೇ ಬಾಯಿ ಬಿಟ್ಟಿದ್ದರೆ ಪತ್ರಕರ್ತರ ಮುಂದೆ ನನ್ನ ಮಾನ ಹೋಗುತ್ತಿತ್ತು. ಅದಕ್ಕೇ "ಕಾಣಲಿಲ್ಲ" ಎಂದ. ಭಿಕ್ಷೆ ಹಾಕಿದ್ದು ಹೌದು. ಆಟದಲ್ಲಲ್ಲ, ಆಟ ಮುಗಿದ ಮೇಲೆ.

ದರಿದ್ರ ಮುದುಕ. ಬೇರೆ ಏನು ಬರೆಯಲಿ ನನ್ನ ಬಗ್ಗೆ.

ಮಾರ್ಚ್ 18, ಸಂಘದ ಕಚೇರಿ, ಬೆಂಚಿನ ಮೇಲೆ

ತೊಕಿತಾ ಬಂದ. ಕೂದಲು ಕತ್ತರಿಸಿಕೊಂಡಿದ್ದಾನೆ, ಯಾರೋ ಸತ್ತ ಮನೆಗೆ ಹೋಗುವವನ ಹಾಗೆ. ರಾಜ ಮುಂದಕ್ಕೆ ಹೋಗುವುದನ್ನು ಕಂಡುಹಿಡಿದೆ, ಒಳಗೆ ಹೇಳುತ್ತೇನೆ ಎಂದೆ.

"ಬೇಡ ಗುರುಗಳೇ. ಸಿಟ್ಟಲ್ಲಿ ಬಾಯಿತಪ್ಪಿ ಅಂದೆ ಅನ್ನಿ, ಸಾಕು."

"ಅಷ್ಟಕ್ಕೇ ಬಿಡ್ತಾರಾ? ನಿನ್ನ ಮೇಲಿನ ಅನುಮಾನ ಸಾಯೋವರೆಗೂ ಇರುತ್ತೆ."

"ಇರಲಿ. ನಿಮಗೆ ಇದು ಕಾಣಲಿಲ್ಲ ಅಂತ ಗೊತ್ತಾದ್ರೆ ಮುಂದಿನ ವರ್ಷ ಎದುರು ಕೂತವರೆಲ್ಲ ಇಂಥ ಆಟಾನೇ ಆಡ್ತಾರೆ. ಒಂದೇ ವರ್ಷದಲ್ಲಿ ನಿಮ್ಮನ್ನ ಮುಗಿಸಿಬಿಡ್ತಾರೆ."

"ಮುಗಿಸಲಿ! ಅಲ್ಲೇ ಯಾಕೋ ಹೇಳಲಿಲ್ಲ? ಗುರು ತಪ್ಪು ಅಂತ ಹೇಳೋಕೆ ಬಾಯಿಗೇನಾಗಿತ್ತು?"

"ಹೇಳಬಾರದು ಅಂತ ಕಲಿಸಿದ್ದು ನೀವೇ."

ಕೈ ಎತ್ತಿದ್ದೆ. ಇಳಿಸಿದೆ. ಕಲಿಸಿದ್ದು ನಿಜ. ಅವನು ಪಕ್ಕದಲ್ಲೇ ಕೂತಿದ್ದಾನೆ. ಬೋರ್ಡು ನನ್ನ ತೊಡೆಯ ಮೇಲಿದೆ.

ಬಾಗಿಲು ತೆರೆದರು. ನಮ್ಮ ಹೆಸರೇ. ಇದನ್ನು ಮಾತ್ರ ಬರೆದಿಟ್ಟು ಏಳುತ್ತೇನೆ, ಒಳಗೆ ಹೋಗಿ ಮರೆಯಬಾರದು. ಕುದುರೆ ನಾನು ಇಳಿಸಬೇಕು. ರಾಜನನ್ನು ಇವನ ಕೈಗೆ ಕೊಡಬೇಕು, ಇವನೇ ನಡೆಸಲಿ, ಮುಂದಕ್ಕೆ, ಎಲ್ಲರ ಕಣ್ಣೆದುರು ನನ್ನನ್ನು ಸೋಲಿಸಲಿ, ಗುರು ತಪ್ಪು ಅಂತ—