ನುಣುಪಾದ ಈಟಿ

ಭಾನುವಾರ, ಬೆಳಿಗ್ಗೆ

ನನ್ನ ಪ್ರೀತಿಯ ಮುಂಗೋಪಿಗೆ,

ನೀವು ಸಿಟ್ಟು ಮಾಡಿಕೊಂಡು ಹೋದ ಮೇಲೆ ನಾನಾಗಿ ಬರೆಯಬಾರದೆಂದು ಹಠ ಹಿಡಿದಿದ್ದೆ. ಪೆಟ್ಟಿಗೆ ಕಾರ್ಖಾನೆಗೆ ಸೇರಿದ್ದೀರೆಂದು ಮರದಂಗಡಿಯವನಿಂದ ತಿಳಿಯಿತು. ಹೆಂಡತಿಗಿಂತ ಅವನೇ ಹೆಚ್ಚಾದ, ಇರಲಿ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಆಡಿಕೊಳ್ಳಬೇಡಿ. ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನೂ ಮಾವನೂ ಚೆನ್ನಾಗಿದ್ದೇವೆ. ಮೊದಲು ಇಷ್ಟನ್ನು ಓದಿಕೊಳ್ಳಿ, ಉಳಿದದ್ದು ಆಮೇಲೆ.

ನಮ್ಮ ಹಿತ್ತಲಿಗೆ ಕಾಡುಹಂದಿಯೊಂದು ಬರುತ್ತಿದೆ. ಒಂಟಿ ಗಂಡು. ಹಳ್ಳದ ಕಡೆಯ ಬೇಲಿಯನ್ನು ಮುರಿದುಹಾಕಿದೆ. ಹೋದ ವಾರ ಪಕ್ಕದ ಬೀದಿಯ ಇಸ್ತ್ರಿಯವನ ತೊಡೆ ಸೀಳಿತು. ಪಾಪ, ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಬೋನು ತರುತ್ತೇವೆಂದು ಹೋದ ಅರಣ್ಯ ಇಲಾಖೆಯವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ನಿಮ್ಮಪ್ಪನ ಸಂಗತಿ ನಿಮಗೇ ಗೊತ್ತು. ಕಣ್ಣು ಮಂಜಾಗಿ ಎದುರಿಗಿರುವವರು ಯಾರೆಂದು ತಿಳಿಯದಿದ್ದರೂ, ಸಂಜೆ ಹಿತ್ತಲಿಗೆ ಹೋಗಿ, ಒಣಗಲು ಪೇರಿಸಿದ ಹಲಗೆಗಳನ್ನು ತಡವಿ ಮಗುಚಿ ಹಾಕದಿದ್ದರೆ ಅವರಿಗೆ ಊಟ ಸೇರದು. ಹೋಗಬೇಡಿ ಎಂದು ಹೇಳಿ ಹೇಳಿ ಸಾಕಾಯಿತು. ಹಲಗೆ ಸೊಟ್ಟಗಾದರೆ ಹಂದಿ ಬಂದು ನೆಟ್ಟಗೆ ಮಾಡುತ್ತದೆಯೇ ಎಂದು ನನ್ನನ್ನೇ ಕೇಳಿದರು.

ಬೇರೆ ದಾರಿ ಕಾಣದೆ ನಾನೇ ಒಂದು ಈಟಿ ಮಾಡಿದೆ. ಕುರ್ಚಿಯ ಕಾಲಿಗೆಂದು ನೀವು ತಂದಿಟ್ಟ ಗಳುಗಳಲ್ಲಿ ನನಗಿಂತ ಎತ್ತರದ, ಗಂಟಿಲ್ಲದ ಒಂದನ್ನು ಆರಿಸಿ ತೊಗಟೆ ಸುಲಿದೆ. ಮಾವ ಪಕ್ಕದಲ್ಲೇ ಕುಳಿತು ಬೆರಳಲ್ಲೇ ನೋಡುತ್ತ ಹೇಳಿಕೊಟ್ಟರು. ನಟ್ಟನಡುವಿನ ತಿರುಳು ಮೆತ್ತಗಿರುತ್ತದೆ, ಮೊನೆ ಅಲ್ಲಿ ಬರಬಾರದು, ಒಂದು ಪಕ್ಕಕ್ಕೆ ತೆಗೆ ಎಂದರು. ಹಾಗೇ ತೆಗೆದೆ. ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ, ಕಪ್ಪಾದದ್ದನ್ನು ಹೆರೆದು, ಮತ್ತೆ ಕಾಯಿಸಿದೆ. ಉಗುರಿನಿಂದ ತಟ್ಟಿದರೆ ಕಲ್ಲಿನಂತೆ ಸದ್ದು ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸುವ ಮನೆಯೇ ನಮ್ಮದು? ಮಾವ ಕೋಲನ್ನು ಸವರಿ ಮುಖ ಸಿಂಡರಿಸಿದರು. ರೇಷ್ಮೆ ಬಟ್ಟೆ ಎಳೆದರೆ ಒಂದು ಎಳೆಯೂ ಸಿಕ್ಕಬಾರದು, ಅಂಥದ್ದು ಮಾತ್ರ ಈ ಮನೆಯಿಂದ ಹೊರಗೆ ಹೋಗಬೇಕು ಎಂಬ ಮಾತು ನಿಮಗೆ ಹೊಸದಲ್ಲ. ನೀವಿಬ್ಬರೂ ಕಿತ್ತಾಡಿದ್ದು ಅದಕ್ಕೇ ಅಲ್ಲವೇ? ಕೈಯಲ್ಲಿ ಹಿಡಿಯುವಂಥದ್ದು ಒರಟಾಗಿರಬೇಕೆಂದು ನೀವು ಕೊಡಲಿಯ ಕಾವುಗಳನ್ನೆಲ್ಲ ನಿಮ್ಮ ದಪ್ಪ ಹಲ್ಲಿನ ಅರದಲ್ಲಿ ಉಜ್ಜಿಟ್ಟಿರಿ. ಅವರು ಅವನ್ನು ಒಲೆಗೆ ಹಾಕಿದರು. ನೀವು ಅರವನ್ನು ಚೀಲಕ್ಕೆ ಹಾಕಿಕೊಂಡು ಹೊರಟಿರಿ. ನಡುವೆ ನಿಂತ ನಾನು ಇಬ್ಬರಿಂದಲೂ ಬೈಸಿಕೊಂಡೆ. ಈ ಸಲವೂ ಅವರ ಮಾತೇ ನಡೆಯಿತು. ಮರಳುಕಾಗದದಲ್ಲಿ ಉಜ್ಜಿದೆ, ಎಣ್ಣೆ ಕುಡಿಸಿದೆ. ಈಟಿ ಕುರ್ಚಿಯ ಕಾಲಿನ ಹಾಗೆ ಹೊಳೆಯಿತು. ನೋಡಿ ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನಿನ್ನೆ ಸಂಜೆ ಅದು ಬಂತು. ಮಾವ ಹಲಗೆಗಳ ಮೇಲೆ ಬಗ್ಗಿದ್ದರು. ಗುಟುರು ಕೇಳಿ, ಯಾರದು ಎನ್ನುತ್ತ ಅದರ ಕಡೆಗೇ ಹೆಜ್ಜೆ ಇಟ್ಟರು. ಓಡಿ ಹೋಗಿ ಅವರಿಗೆ ಅಡ್ಡ ನಿಂತೆ. ಈಟಿಯ ಬುಡವನ್ನು ನೆಲಕ್ಕೆ ಊರಲೂ ಪುರುಸೊತ್ತು ಸಿಗಲಿಲ್ಲ. ಹಂದಿ ತಲೆ ತಗ್ಗಿಸಿ ನುಗ್ಗಿತು. ಮೊನೆ ಅದರ ಹೆಗಲಿಗೆ ಸರಿಯಾಗಿಯೇ ನಾಟಿತು. ಆದರೆ ನನ್ನ ಅಂಗೈ ಬೆವೆತಿತ್ತು. ಕೋಲು ನಿಲ್ಲಲಿಲ್ಲ, ಕೈ ಸರ್ರನೆ ಜಾರಿ ಮೊನೆಯ ತನಕ, ಅದರ ಕೋರೆಯ ತನಕ ಹೋಯಿತು. ಹೇಗೋ ಕೈ ಕಿತ್ತುಕೊಂಡೆ. ಮಾವ ಹಿಂದಕ್ಕೆ ಬಿದ್ದ ರಭಸಕ್ಕೆ ಹಲಗೆಯ ಅಟ್ಟಿ ದಡಬಡನೆ ಉರುಳಿತು. ಆ ಸದ್ದಿಗೆ ಬೆದರಿ ಹಂದಿ ಬೇಲಿ ದಾಟಿತು. ಈಟಿ ದಾರಿಯಲ್ಲೇ ಕಳಚಿ ಬಿದ್ದಿತ್ತು.

ಪೆಟ್ಟು ತಿಂದದ್ದು ಮತ್ತೆ ಬಂದೇ ಬರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದಾರೆ. ಬೇಲಿ ಹಾಗೇ ಇದೆ. ಬೆಳಕು ಹರಿದಾಗಿನಿಂದ ಮಾವ ಬಾಗಿಲಲ್ಲಿ ಕುಳಿತು, ತಮ್ಮ ಹಳೆಯ ಅರದಿಂದ ಈಟಿಯ ಹಿಡಿಯನ್ನು ಉಜ್ಜುತ್ತಿದ್ದಾರೆ. ಜೀವಮಾನವೆಲ್ಲ ನಯ ಮಾಡಿದ ಕೈ ಒರಟು ಮಾಡಲು ಹೆಣಗುವುದನ್ನು ನೋಡಿ ನನಗೆ ಅಳು ಬಂತು.

ನೀವು ಬರಲೇಬೇಕೆಂದು ನಾನು ಬರೆಯುತ್ತಿಲ್ಲ. ಬೇಲಿ ಮುರಿದಿದೆ ಎಂದು ತಿಳಿಸಿದೆ, ಅಷ್ಟೇ.

ನಿಮ್ಮ
ಬಾಯಿಬಡುಕಿ

ತಾ.ಕ.: ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. “ಅವನ ಒರಟು ಅರ ತಗೊಂಡು ಬರೋಕೆ ಹೇಳು. ನಂದು ಸವೆದುಹೋಗಿದೆ” ಎಂದರು. ಆಮೇಲೆ, “ಕೈ ವಿಷಯ ಯಾಕೆ ಮುಚ್ಚಿಟ್ಟೆ? ಅದನ್ನೂ ಬರಿ” ಎಂದರು. ಬರೆಯುತ್ತಿದ್ದೇನೆ. ಇದಿಷ್ಟೂ ಎಡಗೈಯ ಅಕ್ಷರ.