ಹಕಾರವಿಲ್ಲದ ಹೂಬುಟ್ಟಿ

ಬಾಬುರಾಯನಕೊಪ್ಪಲು
೨೦ ಆಗಸ್ಟ್ ೨೦೨೫

ಪ್ರೀತಿಯ ಶ್ವೇತಕ್ಕಾ,

ಹೇಗಿದ್ದೀಯೆ? ಭಾವನ ಬೆನ್ನುನೋವು ಕಡಿಮೆಯಾಯಿತೆ? ನಾಗಮಂಗಲದ ಚಳಿಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು. ಬಿಸಿನೀರು ಕುಡಿ ಎಂದರೆ ಕಾಫಿ ಕುಡಿಯುವವಳು ನೀನು. ಅವ್ವ ಚೆನ್ನಾಗಿದ್ದಾಳೆ. ನೀನು ಫೋನ್ ಎತ್ತುವುದಿಲ್ಲವೆಂದು ಈ ಪತ್ರವನ್ನು ಗೌರಿ ಬಾಗಿನದ ರವಿಕೆ ಕಣದ ಮಡಿಕೆಯಲ್ಲಿ ಇಟ್ಟಿದ್ದೇನೆ. ತವರಿನ ಬಾಗಿನವನ್ನು ನೀನು ವಾಪಸ್ ಕಳಿಸಲಾರೆ, ಆ ಧೈರ್ಯ ನನಗಿದೆ.

ಒಂದು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಮ್ಮ ಕಸೂತಿ ರವಿಕೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರಲು ಹೂಬುಟ್ಟಿ ಡಾಟ್ ಕಾಮ್ ಎಂಬ ವಿಳಾಸ ತೆಗೆದುಕೊಂಡಿದ್ದೆನಲ್ಲ, ಅದೊಂದಿದ್ದರೆ ಸಾಕೆಂದು ನಂಬಿದ್ದೆ. ಈಗ ವಿಳಾಸಗಳಿಗೆ ಹೊಸ ಹೊಸ ಬಾಲಗಳು ಬಂದಿವೆ: ಡಾಟ್ ಫ್ಯಾಷನ್, ಡಾಟ್ ಬೊಟೀಕ್, ಇನ್ನೂ ಏನೇನೋ. ದೊಡ್ಡ ಬಟ್ಟೆ ಕಂಪನಿಗಳು ತಮ್ಮ ಹೆಸರಿನ ಎಲ್ಲ ಬಾಲಗಳನ್ನೂ ಮೊದಲೇ ಹಿಡಿದಿಟ್ಟುಕೊಳ್ಳುತ್ತವಂತೆ, ಬೇರೆಯವರು ಆ ಹೆಸರಿನಲ್ಲಿ ಕಳಪೆ ಮಾಲು ಮಾರಬಾರದೆಂದು. ನನಗೆ ಇದೆಲ್ಲ ಎಲ್ಲಿ ಗೊತ್ತು? ಸಂತೆಬಾಚಹಳ್ಳಿಯ ಗಿರಾಕಿಯೊಬ್ಬರು ಕಳಿಸಿದ ಲಿಂಕ್ ನೋಡಿದರೆ, ನಮ್ಮ ಹೆಸರಿನ ಡಾಟ್ ಫ್ಯಾಷನ್ನನ್ನು ಯಾರೋ ಆಗಲೇ ಹಿಡಿದುಬಿಟ್ಟಿದ್ದಾರೆ. ತಮ್ಮ ಹೆಸರು, ಊರು ಮುಚ್ಚಿಟ್ಟಿದ್ದಾರೆ. ಆದರೆ ಅದನ್ನು ಒತ್ತಿದರೆ ನಮ್ಮ ಅಂಗಡಿಯ ಪುಟವೇ ತೆರೆದುಕೊಳ್ಳುತ್ತದೆ. ಮೈಸೂರಿನ ವಕೀಲೆ ಅಸ್ಫಿಯಾ, "ಇವತ್ತು ನಿಮ್ ಅಂಗಡಿಗೆ ಕಳಿಸ್ತಾನೆ, ಜನಕ್ಕೆ ರೂಢಿ ಆದ್ಮೇಲೆ ತನ್ನ ಅಂಗಡಿಗೆ ತಿರುಗಿಸ್ಕೋತಾನೆ. ಬಿಡಬೇಡಿ" ಎಂದು ದೂರು ಬರೆದುಕೊಟ್ಟಿದ್ದಾರೆ. ಹೂಬುಟ್ಟಿ ನಮ್ಮ ಟ್ರೇಡ್‌ಮಾರ್ಕ್ ಆಗಿರುವುದರಿಂದ ಗೆಲ್ಲುತ್ತೇವಂತೆ. ನನ್ನ ಸಹಿಯೊಂದೇ ಬಾಕಿ.

ಸಹಿ ಹಾಕಲು ಕೂತು ಆ ವಿಳಾಸವನ್ನು ಮತ್ತೆ ಓದಿದೆ. ಅದರಲ್ಲಿ ಹಕಾರ ಇಲ್ಲ ಅಕ್ಕಾ. ಊಬುಟ್ಟಿ ಡಾಟ್ ಫ್ಯಾಷನ್. ಮೋಸಗಾರರು ಬೇಕೆಂದೇ ಒಂದಕ್ಷರ ಬಿಡುತ್ತಾರೆ ಎನ್ನುತ್ತಾರೆ ವಕೀಲೆ. ಸರಿ, ಆದರೆ ಆ ಅಕ್ಷರವನ್ನೇ ಬಿಡಬೇಕೆಂದು ಯಾವ ಊರಿನ ಮೋಸಗಾರನಿಗೆ ಹೊಳೆದೀತು? ಹೋದ ಗೌರಿ ಹಬ್ಬದ ಊಟದಲ್ಲಿ ಅಂಗಡಿಗೆ ಬೋರ್ಡು ಬರೆಸುವ ಮಾತು ಬಂದಾಗ ನೀನು ಅಂದದ್ದು ಕಿವಿಯಲ್ಲೇ ಇದೆ: "ಅವ್ವ ಊಬುಟ್ಟಿ ಒತ್ಕಂಡು ಮಾರಿ ನಮ್ಗೆ ಮಿಷನ್ ತಗ್ದುಕೊಟ್ಟೋಳು ಕಣೆ. ಅವ್ಳ ಬಾಯ್ಗೆ ಬರ್ದೇ ಇರೋ ಎಸ್ರು ಅಂಗ್ಡೀಗ್ಯಾಕೆ?" ಪೇಟೆಯವರು ನಗುತ್ತಾರೆ ಎಂದೆ ನಾನು. ಎಲೆಯ ಮೇಲಿನ ಒಬ್ಬಟ್ಟು ಬಿಟ್ಟು ಎದ್ದು ಹೋದೆ ನೀನು. ಆ ಒಬ್ಬಟ್ಟನ್ನು ಹಸುವಿಗೆ ಹಾಕಬೇಕಾಯಿತೆಂದು ನನಗೆ ಇನ್ನೂ ಸಿಟ್ಟಿದೆ. ಅವ್ವ ಈಗಲೂ ಫೋನಿಗೆ ಬಾಯಿಟ್ಟು "ಊಬುಟ್ಟಿ" ಎಂದೇ ಹುಡುಕುತ್ತಾಳೆ. ಮೊದಲು ಏನೇನೋ ಬರುತ್ತಿತ್ತು. ಮೊನ್ನೆ ಆ ಹೊಸ ವಿಳಾಸದಿಂದಾಗಿ ನಮ್ಮ ಅಂಗಡಿಯೇ ಬಂತು. "ನೋಡು, ಫೋನ್ಗೂ ನಾನೇಳಿದ್ದು ಅರ್ತ ಆಯ್ತದೆ" ಎಂದು ಬೀಗಿದಳು. ನಾನು ಒಳಗೆ ಹೋಗಿ ಅತ್ತೆ.

ಭಾವನಿಗೆ ನಮಸ್ಕಾರ. ಸ್ನೇಹಳಿಗೆ ಚಿಕ್ಕಮ್ಮನ ಮುತ್ತು. ಅವ್ವ ಅರಿಶಿನ ಕುಂಕುಮದ ಜೊತೆ ಆಶೀರ್ವಾದ ಕಳಿಸಿದ್ದಾಳೆ.

ನಿನ್ನ ಜಗಳಗಂಟಿ ತಂಗಿ,
ರಂಜಿತ

ಮರೆತೆ: ಶನಿವಾರ ದೂರು ಹೋಗಬೇಕು. ಹೋದರೆ ಮುಚ್ಚಿಟ್ಟ ಹೆಸರು ಹೊರಬರುತ್ತದಂತೆ. ಎದುರು ಪಕ್ಷದ ಜಾಗದಲ್ಲಿ ನಿನ್ನ ಹೆಸರು ಓದಲು ನನ್ನಿಂದಾಗದು. ಅದು ನೀನೇ ಆಗಿದ್ದರೆ ಆ ವಿಳಾಸವನ್ನು ಯಾರಿಗೂ ಕೊಡಬೇಡ, ನನಗೂ ಕೊಡಬೇಡ. ಮಾತಾಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ. ಶನಿವಾರದೊಳಗೆ ಫೋನ್ ಮಾಡಿ, ಅವ್ವ ಹೇಳುವ ಹಾಗೆ "ಊಬುಟ್ಟಿ" ಎಂದಷ್ಟೇ ಹೇಳಿ ಇಟ್ಟುಬಿಡು.